ಅರ್ಥವಿಲ್ಲದ ಅಂಕಿಗಳ ಬಾಯಿಪಾಠ

ಬೆಳಗಿನ ಐದೂ ಕಾಲು. ಆಸ್ಪತ್ರೆಯ ಮೂರನೇ ಮಹಡಿಯ ಕಾರಿಡಾರಿನಲ್ಲಿ ಒಂದು ಬಿಟ್ಟು ಒಂದು ದೀಪ ಉರಿಯುತ್ತಿದೆ. ಮಕ್ಕಳ ವಾರ್ಡಿನ ಪಕ್ಕದ ವೆಂಡಿಂಗ್ ಮಷಿನ್ನಿನ ಬಾಗಿಲನ್ನು ಪೂರ್ತಿ ತೆರೆದು, ಅದರ ಮುಂದೆ ಮಂಡಿಯೂರಿ ಕೂತ ಹೆಂಗಸೊಬ್ಬರು ಸಾಮಾನು ಬಂದು ಬೀಳುವ ತೊಟ್ಟಿಯೊಳಕ್ಕೆ ಮೊಣಕೈವರೆಗೂ ಕೈ ತೂರಿಸಿ ಏನನ್ನೋ ಒರೆಸುತ್ತಿದ್ದಾರೆ. ತೊಟ್ಟಿಯ ಎರಡೂ ಬದಿಗೆ ಸಾಸಿವೆ ಕಾಳಿನಷ್ಟು ಗಾಜಿನ ಕಣ್ಣುಗಳಿವೆ. ಮೇಲಿಂದ ಬಾಟಲಿಯೋ ಪೊಟ್ಟಣವೋ ಬಿದ್ದದ್ದನ್ನು ನೋಡಿ ಮಷಿನ್ನಿಗೆ ಹೇಳುವವು ಅವೇ. ಅವುಗಳ ಮೇಲೆ ಧೂಳು ಕೂತರೆ ಮಷಿನ್ನಿಗೆ ಲೆಕ್ಕ ತಪ್ಪುತ್ತದೆ, ಒಂದು ಕೇಳಿದವರಿಗೆ ಎರಡು ಕೊಡುತ್ತದೆ, ಇಲ್ಲವೇ ಏನೂ ಕೊಡದೆ ಸುಮ್ಮನೆ ನಿಲ್ಲುತ್ತದೆ.

ಹಿಂದೆ ಒಬ್ಬ ತಂದೆ ಖಾಲಿ ಹಾಲಿನ ಬಾಟಲಿ ಹಿಡಿದು ನಿಂತಿದ್ದಾನೆ. ರಾತ್ರಿಯಿಡೀ ನಿದ್ದೆಯಿಲ್ಲದ ಮುಖ. ಇನ್ನೆಷ್ಟು ಹೊತ್ತು ಎಂದು ಕೇಳುವ ಧೈರ್ಯವೂ ಅವನಿಗಿಲ್ಲ. ಆಕೆ ತಿರುಗಿ ನೋಡದೆಯೇ ಬಟ್ಟೆ ಹಿಂಡಿ, ಬಾಗಿಲು ಮುಚ್ಚಿ, ಕೀಲಿ ತಿರುಗಿಸಿ ಪಕ್ಕಕ್ಕೆ ಸರಿಯುತ್ತಾರೆ. "ಈಗ ಒತ್ತಪ್ಪ. ಹಾಲಿನ ಪುಡಿ ಎರಡನೇ ಸಾಲು." ಒಳಗಿನ ತಂತಿಯ ಸುರುಳಿ ತಿರುಗುತ್ತದೆ, ಪೊಟ್ಟಣ ಬೀಳುತ್ತದೆ. ಅದು ಬಿದ್ದ ಸದ್ದನ್ನು ಕಿವಿಗೊಟ್ಟು ಕೇಳಿದ ಮೇಲೆಯೇ ಆಕೆ ತಮ್ಮ ಗಾಡಿ ತಳ್ಳುವುದು.

ಈ ಆಸ್ಪತ್ರೆಯಲ್ಲಿ ಇವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ದೊಡ್ಡ ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಇವರು ಮಷಿನ್ ಅಕ್ಕ. ವಯಸ್ಸು ಐವತ್ತೊಂದು. ಓದಿದ್ದು ಏಳನೇ ತರಗತಿ. ಮಷಿನ್ ಹಾಕಿಸಿರುವ ಗುತ್ತಿಗೆ ಕಂಪನಿಯ ಪರವಾಗಿ ಇಲ್ಲಿನ ಒಂಬತ್ತು ಮಷಿನ್ನುಗಳನ್ನು ತುಂಬಿಸುವುದು, ತೊಳೆಯುವುದು, ಕೆಟ್ಟರೆ ರಿಪೇರಿ ಮಾಡುವುದು ಇವರ ಕೆಲಸ. ದಿನವೂ ಮುನ್ನೂರರಷ್ಟು ನೀರಿನ ಬಾಟಲಿ, ತೊಂಬತ್ತು ಡಯಾಪರ್ ಪೊಟ್ಟಣ, ಅರವತ್ತು ಹಾಲಿನ ಪುಡಿ, ಜೊತೆಗೆ ಸೋಪು, ಬ್ರಷ್ಷು, ಬಿಸ್ಕತ್ತು. ಸಾಮಾನು ಸಾಗಿಸುವ ಲಿಫ್ಟು ಚಾಲೂ ಆಗುವುದು ಏಳಕ್ಕೆ. ಅಲ್ಲಿಯವರೆಗೆ ಮೆಟ್ಟಿಲೇ ಗತಿ, ಪೆಟ್ಟಿಗೆಗಳು ಹೆಗಲ ಮೇಲೆ. ಐದು ಮಹಡಿಯನ್ನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತಾರೆ ಎಂದು ಕೇಳಿದರೆ, ತಮ್ಮ ಮಂಡಿಯನ್ನು ಕೇಳಬೇಕು ಎಂದು ನಗುತ್ತಾರೆ.

ಇಂದು ಮಾತ್ರ ಅಕ್ಕನ ಮುಖದಲ್ಲಿ ಆ ನಗು ಬಹಳ ಹೊತ್ತು ನಿಲ್ಲುತ್ತಿಲ್ಲ. ಹತ್ತು ಗಂಟೆಗೆ ಅರವತ್ತೊಂದು ವರ್ಷದ ಒಬ್ಬರು ಇಲ್ಲಿಗೆ ಬರಲಿದ್ದಾರೆ. ಬಂದು, ಎಲ್ಲರ ಕಣ್ಣೆದುರಿಗೇ, ಈ ಒಂಬತ್ತು ಮಷಿನ್ನುಗಳನ್ನು ಕಳ್ಳನಂತೆ ತೆರೆಯಲು ನೋಡಲಿದ್ದಾರೆ. ಒಂದೇ ಒಂದನ್ನು ತೆರೆದರೂ, ಆಸ್ಪತ್ರೆಯ ಗೇಟಿನಲ್ಲಿ ಎರಡು ವರ್ಷದಿಂದ ಅಂಟಿಸಿರುವ ಅವರ ಫೋಟೋ ಅಲ್ಲೇ ಉಳಿಯುತ್ತದೆ. ಒಂದನ್ನೂ ತೆರೆಯಲಾಗದಿದ್ದರೆ ಅದನ್ನು ಕಿತ್ತುಹಾಕುತ್ತಾರೆ. ಅವರು ಅಕ್ಕನಿಗೆ ಕೆಲಸ ಕಲಿಸಿದ ಗುರು. ಅವರು ಸೋಲಲಿ ಎಂದು ಬೆಳಗಿನಿಂದ ಅಕ್ಕ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದಾರೆ.

ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಮೇಸ್ತ್ರಿ ಎಂದು. ಹತ್ತೊಂಬತ್ತು ವರ್ಷ ಈ ಆಸ್ಪತ್ರೆಯ ಮಷಿನ್ನುಗಳನ್ನು ನೋಡಿಕೊಂಡವರು. ಬೀಗದ ಕೆಲಸದಲ್ಲಿ ಎತ್ತಿದ ಕೈ. ಅಕ್ಕ ಆಗ ಇದೇ ಕಾರಿಡಾರಿನಲ್ಲಿ ಕಸ ಗುಡಿಸುತ್ತಿದ್ದರು. ಒಂದು ದಿನ ಮಷಿನ್ನಿನಲ್ಲಿ ಸಿಕ್ಕಿಹಾಕಿಕೊಂಡ ಪೊಟ್ಟಣಕ್ಕಾಗಿ ಜನ ಅದನ್ನು ಗುದ್ದುತ್ತಿದ್ದಾಗ, ಅಕ್ಕ ಎಲ್ಲರನ್ನೂ ಸರಿಸಿ, ಪಕ್ಕದ ಸಾಲಿನ ಬಿಸ್ಕತ್ತು ಕೊಂಡು, ಅದು ಬೀಳುವ ರಭಸಕ್ಕೆ ಸಿಕ್ಕಿಕೊಂಡದ್ದೂ ಬೀಳುವಂತೆ ಮಾಡಿದರು. ಮೇಸ್ತ್ರಿ ದೂರದಲ್ಲಿ ನಿಂತು ನೋಡುತ್ತಿದ್ದರು. ಮಾರನೆಯ ವಾರವೇ ಕಂಪನಿಗೆ ಹೇಳಿ ತಮ್ಮ ಜೊತೆಗೆ ಹಾಕಿಸಿಕೊಂಡರು. "ಪೊರಕೆ ಹಿಡಿದ ಕೈಗೆ ಸ್ಕ್ರೂಡ್ರೈವರ್ ಕೊಟ್ಟೋರು ಅವರು" ಎನ್ನುವಾಗ ಅಕ್ಕನ ದನಿ ತಗ್ಗುತ್ತದೆ.

ವೆಂಡಿಂಗ್ ಮಷಿನ್ ನೋಡಲು ಉಕ್ಕಿನ ಬೀರುವಿನಂತೆ ಗಟ್ಟಿ. ಒಳಗೆ ಅಷ್ಟೇ ಪೊಳ್ಳು. ಒಂದೇ ನಮೂನೆಯ ಮಷಿನ್ನುಗಳಿಗೆಲ್ಲ ಕಾರ್ಖಾನೆಯಿಂದ ಒಂದೇ ಕೀಲಿ ಬರುತ್ತದೆ. ಒಬ್ಬನ ಕೀಲಿ ಕಳೆದುಹೋದರೆ ಊರಿನ ಅಂಥ ಮಷಿನ್ನುಗಳೆಲ್ಲ ತೆರೆದಿಟ್ಟಂತೆಯೇ. ಇನ್ನು ಅಂಕಿ ಒತ್ತುವ ಫಲಕದಲ್ಲಿ ನಾಲ್ಕಂಕಿಯ ಒಂದು ಗುಟ್ಟಿನ ಕೋಡ್ ಒತ್ತಿದರೆ, ರಿಪೇರಿಯವರಿಗೆಂದೇ ಇರುವ ಸರ್ವಿಸ್ ಮೆನು ತೆರೆದುಕೊಳ್ಳುತ್ತದೆ. ಅಲ್ಲಿಂದ ಬೆಲೆ ಬದಲಿಸಬಹುದು, ಪರೀಕ್ಷೆಗೆಂದು ಸಾಮಾನು ಬೀಳಿಸಬಹುದು. ಆ ಕೋಡೂ ಕಾರ್ಖಾನೆಯದ್ದೇ, ಎಲ್ಲ ಕಡೆಯೂ ಒಂದೇ. ಬದಲಿಸಿಕೊಳ್ಳಿ ಎಂದು ಪುಸ್ತಕದಲ್ಲಿ ಬರೆದಿರುತ್ತದೆ. ಆ ಪುಸ್ತಕವನ್ನು ಯಾರೂ ಓದಿರುವುದಿಲ್ಲ.

ಅಕ್ಕ ಓದಿದರು. ಅಕ್ಷರ ಕೂಡಿಸಿಕೊಂಡು, ಚಿಕ್ಕ ಮಗಳ ಕೈಲಿ ಅರ್ಥ ಹೇಳಿಸಿಕೊಂಡು ಓದಿದರು. ಓದಿ ಒಂಬತ್ತಕ್ಕೂ ಬೇರೆ ಬೇರೆ ಕೋಡ್ ಹಾಕಲು ಹೊರಟಾಗ ತೊಡಕು ಬಂದದ್ದು ಮೇಸ್ತ್ರಿಯವರಿಂದ. ಅವರಿಗೆ ಬೀಗ ಒಲಿದಷ್ಟು ಅಂಕಿ ಎಂದೂ ಒಲಿಯಲಿಲ್ಲ. ಸ್ವಂತ ಮನೆಯ ಫೋನ್ ನಂಬರನ್ನೂ ಸೊಸೆಯನ್ನು ಕೇಳಿ ಹೇಳುವ ಆಸಾಮಿ. ಒಂಬತ್ತು ಕೋಡ್ ನೆನಪಿಡು ಎಂದರೆ ಕೈ ಮುಗಿದುಬಿಟ್ಟರು. ಅಕ್ಕ ಒಂದು ಉಪಾಯ ಹುಡುಕಿದರು. ಪ್ರತಿ ಮಷಿನ್ನಿನ ಮುಂಭಾಗದಲ್ಲಿ, ಕಾಲ ಬಳಿ, ಅದರ ನಂಬರಿನ ತಗಡು ಇರುತ್ತದೆ. ಆ ನಂಬರಿನ ಕೊನೆಯ ನಾಲ್ಕಂಕಿಯನ್ನೇ ಕೋಡ್ ಮಾಡಿದರು. ಮೇಸ್ತ್ರಿ ಬಗ್ಗಿ ನೋಡಿದರೆ ಸಾಕು.

ಬಗ್ಗಿ ನೋಡಲು ಯಾರಿಗೂ ಬರುತ್ತದಲ್ಲ. ಅದು ಅಕ್ಕನಿಗೆ ಹೊಳೆಯಲಿಲ್ಲ. "ಅವರಿಗೆ ಸುಲಭ ಆಗ್ಲಿ ಅಂತ ಮಾಡಿದೆ. ಸುಲಭ ಅನ್ನೋದು ಒಬ್ಬರಿಗೇ ಅಂತ ಇರಲ್ಲ, ಎಲ್ಲರಿಗೂ ಸುಲಭ ಆಗುತ್ತೆ. ಅಷ್ಟು ಬುದ್ಧಿ ನನಗೆ ಬರೋ ಹೊತ್ತಿಗೆ ಅವರ ಕೆಲಸ ಹೋಗಿತ್ತು."

ಎರಡು ವರ್ಷದ ಹಿಂದಿನ ಮಾತು. ದೊಡ್ಡ ಮಗಳ ಹೆರಿಗೆಗೆಂದು ಅಕ್ಕ ನಾಲ್ಕು ವಾರ ರಜೆ ಹಾಕಿದ್ದರು. ಆ ದಿನಗಳಲ್ಲೇ ಮಕ್ಕಳ ವಾರ್ಡಿನ ಮಷಿನ್ನಿನಿಂದ ನೂರ ನಲವತ್ತು ಹಾಲಿನ ಪುಡಿ ಪೊಟ್ಟಣ ಮಾಯವಾದವು. ಗಾಜು ಒಡೆದಿಲ್ಲ, ಬೀಗ ಮುರಿದಿಲ್ಲ. ಮಷಿನ್ನಿನ ನೆನಪಿನಲ್ಲಿ ಅವೆಲ್ಲ ಪರೀಕ್ಷೆಗೆಂದು ಬೀಳಿಸಿದವು ಎಂದು ದಾಖಲಾಗಿತ್ತು. ಪರೀಕ್ಷೆ ಮಾಡಲು ಕೋಡ್ ಬೇಕು. ಆ ವಾರಗಳಲ್ಲಿ ಕೋಡ್ ಗೊತ್ತಿದ್ದು ಕೆಲಸದಲ್ಲಿದ್ದವರು ಮೇಸ್ತ್ರಿ ಒಬ್ಬರೇ. ಕಂಪನಿಯವರು ಕರೆದು ಕೂರಿಸಿ, ಬೇರೆಯವರಿಗೆ ಕೋಡ್ ಹೇಗೆ ಸಿಕ್ಕೀತು ಎಂದು ಕೇಳಿದರು. ಮೇಸ್ತ್ರಿ ತಗಡಿನ ವಿಷಯ ಹೇಳಿದ್ದರೆ ಅಲ್ಲಿಗೇ ಪಾರಾಗುತ್ತಿದ್ದರು. ಹೇಳಿದ್ದರೆ ಅಕ್ಕನ ಕೆಲಸ ಹೋಗುತ್ತಿತ್ತು, ಚಿಕ್ಕ ಮಗಳ ಓದು ನಿಲ್ಲುತ್ತಿತ್ತು. ಅವರು ಗೊತ್ತಿಲ್ಲ ಎಂದರು. ಎಷ್ಟು ಸಲ ಕೇಳಿದರೂ ಅದನ್ನೇ ಹೇಳಿದರು. ನಿವೃತ್ತಿಗೆ ಹನ್ನೊಂದು ತಿಂಗಳಿರುವಾಗ ಕಂಪನಿ ಅವರನ್ನು ಮನೆಗೆ ಕಳುಹಿಸಿತು.

ರಜೆ ಮುಗಿಸಿ ಬಂದ ಅಕ್ಕನಿಗೆ ವಿಷಯ ತಿಳಿಯಿತು. ಸೀದಾ ಕಂಪನಿಯ ಆಫೀಸಿಗೆ ಹೋಗಿ, ಸೂಪರ್‌ವೈಸರನ್ನು ಮಷಿನ್ನಿನ ಮುಂದೆ ಕರೆತಂದು ನಿಲ್ಲಿಸಿದರು. ದಾರಿಯಲ್ಲಿ ಹೋಗುತ್ತಿದ್ದ ಯಾರೋ ರೋಗಿಯ ಕಡೆಯವರನ್ನು ಕರೆದು, ತಗಡಿನ ಮೇಲಿನ ಕೊನೆಯ ನಾಲ್ಕಂಕಿ ಓದಿ ಒತ್ತಿ ಎಂದರು. ಸರ್ವಿಸ್ ಮೆನು ತೆರೆದುಕೊಂಡಿತು. ಇದು ನನ್ನ ತಪ್ಪು, ಅವರದ್ದಲ್ಲ ಎಂದು ಅಲ್ಲೇ ಬರೆದುಕೊಟ್ಟರು. ಅದಕ್ಕೆ ಸಿಕ್ಕ ಶಿಕ್ಷೆ ಎಂಟು ತಿಂಗಳು ರಿಪೇರಿ ಕೆಲಸವಿಲ್ಲದೆ ಬರೀ ಪೆಟ್ಟಿಗೆ ಹೊರುವುದು. ಅದನ್ನು ಅಕ್ಕ ಶಿಕ್ಷೆಯೆಂದೇ ಎಣಿಸುವುದಿಲ್ಲ. ಪುಡಿ ಕದ್ದವರು ಯಾರೆಂದು ಇಂದಿಗೂ ಗೊತ್ತಾಗಿಲ್ಲ. ಕಂಪನಿ ಮೇಸ್ತ್ರಿಯ ಮೇಲಿನ ದೂರನ್ನು ಹಿಂದಕ್ಕೆ ಪಡೆಯಿತು. ಆ ಹೊತ್ತಿಗೆ ಅವರ ಜಾಗಕ್ಕೆ ಬೇರೆಯವರು ಬಂದಾಗಿತ್ತು.

ಆದರೆ ಗೇಟಿನ ಫೋಟೋ ಉಳಿದುಬಿಟ್ಟಿತು. ಕಾವಲುಗಾರರ ಕೋಣೆಯ ಗಾಜಿಗೆ, ಒಳಗೆ ಬಿಡಬಾರದವರ ಏಳು ಮುಖಗಳನ್ನು ಅಂಟಿಸಿದ್ದಾರೆ. ಮೂರನೆಯದು ಮೇಸ್ತ್ರಿಯದ್ದು. ಅದರಿಂದ ಏನಾಯಿತು ಎನ್ನುವವರು ಒಂದು ಸೋಮವಾರ ಬೆಳಿಗ್ಗೆ ಎಂಟಕ್ಕೆ ಇಲ್ಲಿಗೆ ಬಂದು ನೋಡಬೇಕು. ಮೇಸ್ತ್ರಿಯ ಹೆಂಡತಿಗೆ ಮೂತ್ರಪಿಂಡ ಕೆಟ್ಟಿದೆ. ಸೋಮವಾರ, ಬುಧವಾರ, ಶುಕ್ರವಾರ ಇದೇ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಗೇಟಿನವರೆಗೆ ಮೇಸ್ತ್ರಿ ಹೆಂಡತಿಯ ಕೈ ಹಿಡಿದು ನಡೆಸಿಕೊಂಡು ಬರುತ್ತಾರೆ. ಅಲ್ಲಿ ಕೈಯನ್ನು ಸೊಸೆಗೆ ದಾಟಿಸಿ, ರಸ್ತೆಯಾಚೆಯ ಟೈರು ಅಂಗಡಿಯ ಬೆಂಚಿನ ಮೇಲೆ ನಾಲ್ಕು ಗಂಟೆ ಕೂರುತ್ತಾರೆ. ಆಕೆ ಮಲಗುವ ಕೋಣೆಯನ್ನು ಅವರು ಒಂದು ದಿನವೂ ನೋಡಿಲ್ಲ. ಎರಡನೇ ಮಹಡಿಯ ಕಿಟಕಿಯಿಂದ ಆ ಬೆಂಚು ಕಾಣುತ್ತದೆ. ಮಷಿನ್ ತುಂಬಿಸುವಾಗ ಅಕ್ಕ ಆ ಕಿಟಕಿಗೆ ಬೆನ್ನು ಮಾಡಿಯೇ ನಿಲ್ಲುತ್ತಾರೆ.

ಫೋಟೋ ತೆಗೆಸಲು ಅಕ್ಕ ಮೆಟ್ಟಿಲು ಹತ್ತಿ ಇಳಿದದ್ದು ಅಷ್ಟಿಷ್ಟಲ್ಲ. ಆಸ್ಪತ್ರೆಯ ಭದ್ರತಾಧಿಕಾರಿ ಕೆಟ್ಟವರಲ್ಲ, ಆದರೆ ಎಲ್ಲಕ್ಕೂ ಕಾಗದ ಕೇಳುವ ಮನುಷ್ಯ. ಕದ್ದರೋ ಇಲ್ಲವೋ ಎಂಬುದು ನನ್ನ ಪ್ರಶ್ನೆಯಲ್ಲ ಎಂದರು. ಈ ಮಷಿನ್ನುಗಳ ಹೊಟ್ಟೆ ಬಗೆದು ನೋಡಿದ ಮನುಷ್ಯ ಅವರು, ಮತ್ತೆ ಒಳಗೆ ಬಿಟ್ಟರೆ ತೆರೆಯಲಾರರು ಎಂಬ ಖಾತರಿ ಏನು? ಖಾತರಿ ಕೊಡಿ, ಫೋಟೋ ತೆಗೆಯುತ್ತೇನೆ. ಹೀಗಾಗಿ ಒಬ್ಬ ನಿರಪರಾಧಿಯ ಮರ್ಯಾದೆ ಒಂಬತ್ತು ಡಬ್ಬಗಳ ಗಟ್ಟಿತನಕ್ಕೆ ಗಂಟುಬಿತ್ತು. ಇದನ್ನು ನ್ಯಾಯ ಎನ್ನಲು ಮನಸ್ಸು ಬರುವುದಿಲ್ಲ. ಅಕ್ಕನಿಗೆ ಅದನ್ನು ಯೋಚಿಸುತ್ತ ಕೂರುವ ಪುರುಸೊತ್ತಿರಲಿಲ್ಲ. "ನೀವೇ ಅವರನ್ನ ಕರೆಸಿ ತೆರೆಯೋಕೆ ಹೇಳಿ ಸರ್. ನನಗೆ ಎರಡು ತಿಂಗಳು ಟೈಮ್ ಕೊಡಿ" ಎಂದು ಕೇಳಿಬಿಟ್ಟರು.

ಆ ಎರಡು ತಿಂಗಳಲ್ಲಿ ಅಕ್ಕ ಮಾಡಿದ್ದನ್ನು ಕಂಪನಿಯ ದೊಡ್ಡ ಸಂಬಳದವರೂ ಮಾಡಿರಲಿಲ್ಲ. ಹೊಸ ಬೀಗ ಕೊಡಿಸಿ ಎಂದು ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಗುಜರಿಗೆ ಹಾಕಿದ ಹಳೆಯ ಮಷಿನ್ನುಗಳು ಗೋಡೌನಿನಲ್ಲಿ ಬಿದ್ದಿದ್ದವು. ಭಾನುವಾರಗಳಲ್ಲಿ ಹೋಗಿ, ಒಂದಕ್ಕೊಂದು ಹೊಂದದ ಒಂಬತ್ತು ಬೇರೆ ಬೇರೆ ಬೀಗಗಳನ್ನು ಅವುಗಳ ಕೀಲಿ ಸಮೇತ ಹುಡುಕಿ ತಂದರು. ಸೀಮೆಎಣ್ಣೆಯಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ, ಒಂದೊಂದಾಗಿ ಕೂರಿಸಿದರು. ಹೊರಗೆ ಜೋಲಾಡುತ್ತಿದ್ದ, ಹಣ ಕಟ್ಟುವ ಕಾರ್ಡ್ ಯಂತ್ರದ ವೈರುಗಳನ್ನು ಕಬ್ಬಿಣದ ಪೈಪಿನೊಳಗೆ ಹಾಯಿಸಿದರು. ಮೂರು ಸಲ ತಪ್ಪು ಕೋಡ್ ಒತ್ತಿದರೆ ಹತ್ತು ನಿಮಿಷ ಫಲಕ ಮರಗಟ್ಟುವ ಏರ್ಪಾಡು ಮೆನುವಿನಲ್ಲಿ ಮೊದಲಿನಿಂದಲೂ ಇತ್ತು, ಯಾರೂ ಚಾಲೂ ಮಾಡಿರಲಿಲ್ಲ. ಅದನ್ನೂ ಮಾಡಿದರು. ಮಷಿನ್ನು ಫೋನಿನ ಗೋಪುರದ ಮೂಲಕ ಕಂಪನಿಯ ಕಂಪ್ಯೂಟರಿನೊಂದಿಗೆ ಮಾತಾಡುವುದು ಮಾತ್ರ ಅವರ ಕೈಗೆ ಎಟುಕದ ವಿಷಯ. ಆ ಭಾಗ ನನಗೆ ಗೊತ್ತಿಲ್ಲ, ಗೊತ್ತಿರುವವರಿಂದ ನೋಡಿಸಿ ಎಂದು ಅಧಿಕಾರಿಗೆ ಬರೆದುಕೊಟ್ಟಿದ್ದಾರೆ. ಗೊತ್ತಿಲ್ಲ ಎಂದು ಬರೆದುಕೊಟ್ಟವರನ್ನು ತಾನು ಇದೇ ಮೊದಲು ನೋಡಿದ್ದು ಎಂದು ಅಧಿಕಾರಿ ಆಮೇಲೆ ಯಾರ ಬಳಿಯೋ ಹೇಳಿದರಂತೆ.

ಉಳಿದದ್ದು ಕೋಡ್. ಮೇಸ್ತ್ರಿಗೆ ಅಂಕಿ ನೆನಪಿರದಿದ್ದರೂ ಅಕ್ಕನ ಸ್ವಭಾವ ಚೆನ್ನಾಗಿ ಗೊತ್ತು. ಮಕ್ಕಳು ಹುಟ್ಟಿದ ದಿನ, ಗಂಡ ತೀರಿಕೊಂಡ ವರ್ಷ, ಮನೆ ನಂಬರು, ಬಸ್ಸಿನ ನಂಬರು, ಎಲ್ಲವೂ ಗೊತ್ತು. ಯೋಚಿಸಿ ಆರಿಸಿದ ಅಂಕಿಯಲ್ಲಿ ಆರಿಸಿದವರ ಗುರುತು ಇದ್ದೇ ಇರುತ್ತದೆ ಎಂಬುದು ಅಕ್ಕನಿಗೆ ಈ ಸಲ ಹೊಳೆಯಿತು. ನೀರಿನ ಬಾಟಲಿಯ ಹತ್ತು ಮುಚ್ಚಳ ತಗೊಂಡು, ಸೊನ್ನೆಯಿಂದ ಒಂಬತ್ತರವರೆಗೆ ಬರೆದು, ಬಟ್ಟೆಯ ಚೀಲದಲ್ಲಿ ಹಾಕಿ ಕುಲುಕಿದರು. ಒಂದು ತೆಗೆದು, ನೋಡಿ, ಮತ್ತೆ ಒಳಗೆ ಹಾಕಿ ಕುಲುಕಿ ಇನ್ನೊಂದು ತೆಗೆದರು. ಹೀಗೆ ಮೂವತ್ತಾರು ಸಲ. ಈಗ ತಿಂಗಳಿಗೊಮ್ಮೆ, ಒಂದನೇ ತಾರೀಕು, ಇದೇ ಕೆಲಸ. "ಅರ್ಥ ಇರೋ ಅಂಕಿ ಇನ್ನೊಬ್ಬರಿಗೂ ಗೊತ್ತಿರುತ್ತೆ. ಅರ್ಥ ಇಲ್ಲದ್ದು ನನ್ನ ಬಾಯಲ್ಲಿ ಮಾತ್ರ ಇರುತ್ತೆ" ಎನ್ನುತ್ತಾರೆ. ಎಲ್ಲೂ ಬರೆದಿಡುವುದಿಲ್ಲ. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ, ಮಕ್ಕಳು ಮಗ್ಗಿ ಹೇಳುವ ಧಾಟಿಯಲ್ಲಿ ತುಟಿಯೊಳಗೇ ಹೇಳಿಕೊಳ್ಳುತ್ತಾರೆ. ಪಕ್ಕದಲ್ಲಿ ಕೂತವರು ಇವರಿಗೆ ಏನೋ ಆಗಿದೆ ಎಂದು ಸರಿದು ಕೂರುವುದುಂಟು. ಚಿಕ್ಕ ಮಗಳು ತಾಯಿಯ ತಲೆಯನ್ನೇ ಒಂದು ದಿನ ಬ್ಯಾಂಕಿನವರು ಬಂದು ಒಯ್ಯುತ್ತಾರೆ ಎಂದು ಚುಡಾಯಿಸುತ್ತಾಳೆ.

ಹತ್ತು ಗಂಟೆಗೆ ಐದು ನಿಮಿಷ ಬಾಕಿ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಮೇಸ್ತ್ರಿ, ಬಗಲಲ್ಲಿ ಹಳೆಯ ಉಪಕರಣದ ಚೀಲ ಹಾಕಿಕೊಂಡು ಗೇಟಿಗೆ ಬರುತ್ತಾರೆ. ಒಂದು ದಿನದ ಮಟ್ಟಿಗೆ ಬರೆದ ಚೀಟಿ ನೋಡಿ ಕಾವಲುಗಾರ ಒಳಗೆ ಬಿಡುತ್ತಾನೆ, ಜೊತೆಗೇ ನಡೆಯುತ್ತಾನೆ. ಇಂದು ಬುಧವಾರ. ಸೊಸೆ ಮೇಲೆ ಅತ್ತೆಯ ಬಳಿ ಇದ್ದಾಳೆ. ಭದ್ರತಾಧಿಕಾರಿ ಮತ್ತು ಸೂಪರ್‌ವೈಸರ್ ಮೊದಲ ಮಷಿನ್ನಿನ ಬಳಿ ಕಾಯುತ್ತಿದ್ದಾರೆ. ಗಾಜು ಒಡೆಯುವಂತಿಲ್ಲ, ಬೇರೆ ಏನು ಬೇಕಾದರೂ ಮಾಡಬಹುದು ಎಂದು ಅಧಿಕಾರಿ ಹೇಳುತ್ತಾರೆ. ಮೇಸ್ತ್ರಿ ತಲೆಯಾಡಿಸಿ ಅಕ್ಕನ ಕಡೆ ತಿರುಗುತ್ತಾರೆ.

"ನಾನು ಸುಮ್ನೆ ಕೈಯಾಡಿಸಿ ಆಗಲಿಲ್ಲ ಅನ್ನಲ್ಲ ಕಣಮ್ಮ. ಅದು ಕದ್ದ ಹಾಗೇ. ಪೂರ್ತಿ ನೋಡ್ತೀನಿ."

"ನೋಡಿ ಮೇಸ್ತ್ರಿ. ನೀವು ಪೂರ್ತಿ ನೋಡ್ಬೇಕು ಅಂತಾನೇ ನಾನೂ ಕೇಳಿದ್ದು." ಅಕ್ಕನ ಬಾಯಿ ಹೀಗೆ ಹೇಳುತ್ತದೆ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಬೆರಳು ಕೆಂಪಾಗಿದೆ.

ಮೇಸ್ತ್ರಿ ತಯಾರಾಗಿಯೇ ಬಂದಿದ್ದಾರೆ. ಜೇಬಿನಿಂದ ಸೊಸೆಯ ಕೈಲಿ ಬರೆಸಿದ ಚೀಟಿ ತೆಗೆಯುತ್ತಾರೆ. ಕಾರ್ಖಾನೆಯ ಕೋಡ್, ತಗಡಿನ ಅಂಕಿ, ಅದೇ ಅಂಕಿ ಹಿಂದುಮುಂದಾಗಿ, ಅಕ್ಕನ ಮಕ್ಕಳು ಹುಟ್ಟಿದ ದಿನ, ಗಂಡ ತೀರಿಕೊಂಡ ವರ್ಷ. ಅಕ್ಕ ಹೆದರಿದ್ದು ಒಂದೂ ಬಿಟ್ಟಿಲ್ಲ. ಮೂರು ಸಲ ಒತ್ತುತ್ತಾರೆ, ಫಲಕ ಮರಗಟ್ಟುತ್ತದೆ. ಮುಂದಿನ ಮಷಿನ್ನಿಗೆ ಹೋಗುತ್ತಾರೆ, ಸುತ್ತಿ ಮತ್ತೆ ಬರುತ್ತಾರೆ. ಹಳೆಯ ಕೀಲಿ ಹಾಕಿ ನೋಡುತ್ತಾರೆ. ಬಗ್ಗಿ ವೈರು ಹುಡುಕುತ್ತಾರೆ, ಪೈಪು ಕೈಗೆ ತಾಗಿದಾಗ ಹುಬ್ಬೇರಿಸುತ್ತಾರೆ. ಒಂದು, ಎರಡು, ಮೂರು, ಆರು. ಯಾವುದೂ ಮಿಸುಕುವುದಿಲ್ಲ.

ಏಳನೆಯದರ ಬೀಗಕ್ಕೆ ಸಣ್ಣ ಕಡ್ಡಿ ಹಾಕಿದವರು ಕಣ್ಣು ಮುಚ್ಚುತ್ತಾರೆ. ಬೆರಳುಗಳು ನಿಲ್ಲುತ್ತವೆ. ಈ ಬೀಗವನ್ನು ಹಿಂದೆ ಯಾವಾಗಲೋ ತಾವೇ ರಿಪೇರಿ ಮಾಡಿದ್ದು ಎನ್ನುತ್ತಾರೆ ಮೆಲ್ಲಗೆ. ಗೋಡೌನಿನಿಂದ ತರುವಾಗ ಅಕ್ಕನಿಗೆ ಅದು ತಿಳಿದಿರಲಿಲ್ಲ. ತಿಳಿಯುವುದು ಈಗಲೇ. ಬೀಗ ಕಾಲು ಸುತ್ತು ತಿರುಗುತ್ತದೆ. ಸೂಪರ್‌ವೈಸರ್ ಮುಂದೆ ಬಾಗುತ್ತಾನೆ. ಅರ್ಧ ಸುತ್ತು. ಮೇಸ್ತ್ರಿಯ ಹಣೆಯಿಂದ ಬೆವರು ಇಳಿದು ಕನ್ನಡಕದ ಮೇಲೆ ಬೀಳುತ್ತದೆ, ಒರೆಸಿಕೊಳ್ಳುವುದಿಲ್ಲ. ಅವರಿಗೆ ಗೇಟು, ಫೋಟೋ, ಬೆಂಚು ಯಾವುದೂ ನೆನಪಿದ್ದಂತಿಲ್ಲ. ಮುಂದಿರುವುದು ಒಂದು ಬೀಗ, ಅಷ್ಟೇ. ಹನ್ನೊಂದು ನಿಮಿಷ ಹಾಗೇ ನಿಂತಿರುತ್ತಾರೆ. ಅರ್ಧ ಸುತ್ತಿನಿಂದಾಚೆಗೆ ಅದು ಹೋಗುವುದಿಲ್ಲ, ಏಕೆಂದರೆ ಅಕ್ಕ ಅದನ್ನು ಬಿಚ್ಚಿ, ಸವೆದಿದ್ದ ಒಳಗಿನ ಎರಡು ಪಿನ್ನುಗಳನ್ನು ಬದಲಿಸಿದ್ದರು. ಕೊನೆಗೆ ಕಡ್ಡಿ ಹೊರಗೆ ಬರುತ್ತದೆ. "ಆಗಲ್ಲ" ಎನ್ನುತ್ತಾರೆ ಮೇಸ್ತ್ರಿ, ತಮಗೆ ತಾವೇ ಹೇಳಿಕೊಂಡಂತೆ.

ಎಂಟು, ಒಂಬತ್ತನ್ನೂ ಬಿಡುವುದಿಲ್ಲ. ಅವೂ ಬಗ್ಗುವುದಿಲ್ಲ. ಅಧಿಕಾರಿ ಗಡಿಯಾರ ನೋಡಿ ಕಾಗದದಲ್ಲಿ ಬರೆದು ಸಹಿ ಹಾಕುತ್ತಾರೆ, ಕಾವಲುಗಾರನಿಗೆ ಕಣ್ಣಲ್ಲೇ ಸೂಚಿಸುತ್ತಾರೆ. ಅವನು ಗೇಟಿನ ಕಡೆ ಹೋಗುತ್ತಾನೆ. ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಹತ್ತೊಂಬತ್ತು ವರ್ಷ ಈ ಕಟ್ಟಡದ ಯಾವ ಬೀಗವೂ ಎದುರು ನಿಲ್ಲದ ಮನುಷ್ಯ, ಉಪಕರಣಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕುತ್ತಿದ್ದಾರೆ. ಅವರು ಗೆದ್ದದ್ದು ಸೋತಿದ್ದರಿಂದ. ಆ ಸೋಲಿನ ನೋವು ಮುಖದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಅಕ್ಕನಿಗೂ ಅದು ಕಾಣುತ್ತದೆ, ಕಣ್ಣುಗಳು ತುಂಬಿಕೊಳ್ಳುತ್ತವೆ. ಮೇಸ್ತ್ರಿ ಹತ್ತಿರ ಬಂದು ಕೇಳುತ್ತಾರೆ.

"ಅವಳನ್ನ ಎಲ್ಲಿ ಮಲಗಿಸ್ತಾರಮ್ಮ?"

ಒಂಬತ್ತು ಮಷಿನ್ನುಗಳ ಒಂದೊಂದು ಸ್ಕ್ರೂ ಬಲ್ಲವರಿಗೆ, ತಾವು ಹೋದ ಮೇಲೆ ಶುರುವಾದ ಆ ಒಂದು ಕೋಣೆ ಗೊತ್ತಿಲ್ಲ. ಅಕ್ಕ ಅವರಿಗೆ ಅರ್ಥವಾಗುವ ಭಾಷೆಯಲ್ಲೇ ದಾರಿ ಹೇಳುತ್ತಾರೆ. "ಆರನೇ ಮಷಿನ್ ಎದುರಿಗಿನ ಬಾಗಿಲು. ಕಿಟಕಿ ಪಕ್ಕದ ಮಂಚ." ಮೇಸ್ತ್ರಿ ಲಿಫ್ಟಿಗೆ ಕಾಯದೆ ಮೆಟ್ಟಿಲ ಕಡೆ ನಡೆಯುತ್ತಾರೆ. ಈ ಸಲ ಅವರ ಜೊತೆಗೆ ಯಾರೂ ಹೋಗುವುದಿಲ್ಲ.

ಅವರು ಮೆಟ್ಟಿಲ ತಿರುವಿನಲ್ಲಿ ಮರೆಯಾದ ಮೇಲೆ ಸೂಪರ್‌ವೈಸರ್ ಪೆನ್ನು ಜೇಬಿಗೆ ಸಿಕ್ಕಿಸಿಕೊಳ್ಳುತ್ತ ನಗುತ್ತಾನೆ. ಮೇಸ್ತ್ರಿ ಬೇಕೆಂದೇ ಸೋತಿರಬೇಕು, ಹೇಗಿದ್ದರೂ ಹೆಂಡತಿಯನ್ನು ನೋಡಬೇಕಿತ್ತಲ್ಲ ಎನ್ನುತ್ತಾನೆ. ಹೊಸ ನೀರಿನ ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಳ್ಳಲು ಬಗ್ಗಿದ್ದ ಅಕ್ಕ ಅದನ್ನು ಕೆಳಗಿಟ್ಟು ನೆಟ್ಟಗೆ ನಿಲ್ಲುತ್ತಾರೆ. ಬೆಳಗಿನಿಂದ ತಗ್ಗಿಸಿಯೇ ಇಟ್ಟುಕೊಂಡಿದ್ದ ದನಿ ಈಗ ತಗ್ಗಿಲ್ಲ.

"ಇಲ್ಲ ಸರ್. ಏಳನೇದರಲ್ಲಿ ಅವರ ಕೈ ನೋಡಿದ್ರಲ್ಲ. ಬೇಕು ಅಂತ ಸೋಲೋರು ಅಷ್ಟು ಬೆವರಲ್ಲ. ಅವರಿಗೆ ನಿಜವಾಗ್ಲೂ ತೆರೆಯೋಕಾಗ್ಲಿಲ್ಲ. ಅವರ ಹತ್ರಾನೇ ಕಲಿತ ಕೆಲಸ ಸರ್ ಅದು."